80 ಜಿಬಿ ಕ್ಯಾಶ್, 2 ಟಿಬಿ ಹಾರ್ಡ್‌ಡಿಸ್ಕ್: ಬಿಕ್ಯಾಶ್ ಜೊತೆ ಆರು ವರ್ಷ

ನಿಧಾನದ ಹಾರ್ಡ್‌ಡಿಸ್ಕಿನಲ್ಲಿ ಪದೇಪದೇ ಬೇಕಾಗುವುದರ ನಕಲನ್ನು ವೇಗದ ಎಸ್‌ಎಸ್‌ಡಿಯಲ್ಲಿ ಇಟ್ಟುಕೊಂಡರೆ ಅದಕ್ಕೆ ಕ್ಯಾಶ್ ಎನ್ನುತ್ತಾರೆ, ಲಿನಕ್ಸ್‌ನಲ್ಲಿ ಆ ಕೆಲಸ ಮಾಡುವುದು ಬಿಕ್ಯಾಶ್. ಮೊದಲೇ ಹೇಳಿಬಿಡುತ್ತೇನೆ: ಒಂದೇ ಎಸ್‌ಎಸ್‌ಡಿ ಇಟ್ಟುಕೊಂಡು ರೈಟ್‌ಬ್ಯಾಕ್ ಹಾಕಬೇಡಿ, ಅಂದರೆ ಬರೆದದ್ದು ಹಾರ್ಡ್‌ಡಿಸ್ಕ್ ಮುಟ್ಟುವ ಮೊದಲೇ ಕೆಲಸ ಮುಗಿಯಿತು ಎನ್ನುವ ಬಗೆ ಬೇಡ. ಮುಂದಿನದನ್ನು ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟು ನೆನಪಿಟ್ಟುಕೊಂಡರೆ ಸಾಕು.

ನಾನು ಶಿರಸಿಯ ಹತ್ತಿರದ ಹಳ್ಳಿಯವನು. ಹಗಲು ಅಡಿಕೆ ತೋಟ, ಸುತ್ತಮುತ್ತ ಎಲ್ಲಾದರೂ ಆಟ ಇದ್ದರೆ ರಾತ್ರಿ ಕ್ಯಾಮೆರಾ. ಒಂದು ಯಕ್ಷಗಾನಕ್ಕೆ ಆರೇಳುನೂರು ಫೋಟೋ ಆಗುತ್ತವೆ. ಎಲ್ಲವೂ ರಾ ಫೈಲು (ಕ್ಯಾಮೆರಾ ಸಂಸ್ಕರಿಸದೆ ಹಾಗೆಯೇ ಉಳಿಸಿದ್ದು), ಒಂದೊಂದು ಸುಮಾರು 25 ಎಂಬಿ. 2019ರ ದೀಪಾವಳಿಯ ಹೊತ್ತಿಗೆ 52 ಸಾವಿರ ಫೋಟೋ ಸೇರಿ 1.3 ಟಿಬಿ ದಾಟಿತ್ತು. ಅಷ್ಟನ್ನೂ ಎಸ್‌ಎಸ್‌ಡಿಗೆ ಹಾಕಬೇಕೆಂದರೆ ಆಗ ಸುಮಾರು 20 ಸಾವಿರ ರೂಪಾಯಿ. ಆ ವರ್ಷ ಕೊಳೆ ರೋಗಕ್ಕೆ ಅರ್ಧ ಫಸಲು ಹೋಗಿತ್ತು, ಅಷ್ಟು ದುಡ್ಡು ತೆಗೆಯುವ ಮಾತೇ ಇರಲಿಲ್ಲ. 120 ಜಿಬಿಯ ಒಂದು ಎಸ್‌ಎಸ್‌ಡಿಗೆ 1,900 ಕೊಟ್ಟೆ. 30 ಜಿಬಿಯಲ್ಲಿ ಉಬುಂಟು ಎಂಬ ಲಿನಕ್ಸ್, ಉಳಿದ 80 ಜಿಬಿ ಚಿಲ್ಲರೆ ಹಾರ್ಡ್‌ಡಿಸ್ಕಿನ ಕ್ಯಾಶ್‌ಗೆ. ಬಿಕ್ಯಾಶ್‌ಗೆ ದುಡ್ಡು ಬೇಕಿಲ್ಲ, 2013ರ 3.10ನೇ ಆವೃತ್ತಿಯಿಂದ ಲಿನಕ್ಸ್‌ನ ತಿರುಳಾದ ಕರ್ನೆಲ್‌ನೊಳಗೇ ಇದೆ.

ಹಾಕಿಕೊಳ್ಳುವಾಗ ಒಂದು ತೊಡಕಿದೆ. ಹಾರ್ಡ್‌ಡಿಸ್ಕಿನ ಪಾರ್ಟಿಶನ್‌ನ ಮೊದಲಿಗೆ ಬಿಕ್ಯಾಶ್ ತನ್ನ ಗುರುತು ಬರೆದುಕೊಳ್ಳುತ್ತದೆ, ಹಾಗಾಗಿ ಸಾಮಾನ್ಯ ದಾರಿಯಲ್ಲಿ ಹೋದರೆ ಡಿಸ್ಕನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಲೇಬೇಕು. ಗೆಳೆಯನ ಡಿಸ್ಕ್ ಕಡ ತಂದು ಎಲ್ಲವನ್ನೂ ಅದಕ್ಕೆ ನಕಲು ಮಾಡಿ, ಮತ್ತೆ ವಾಪಸ್ ತುಂಬುವುದರಲ್ಲಿ ಒಂದು ಹಗಲು ಒಂದು ರಾತ್ರಿ ಹೋಯಿತು. ಇನ್ನೊಂದು ವಿಷಯ, ಆಮೇಲೆ ಆ ಡಿಸ್ಕನ್ನು ವಿಂಡೋಸ್ ಓದುವುದಿಲ್ಲ. ವಿಂಡೋಸ್, ಲಿನಕ್ಸ್ ಎರಡೂ ಇಟ್ಟುಕೊಂಡವರು ಇಲ್ಲೇ ನಿಲ್ಲಿ.

ಆಟ ಮುಗಿಸಿ ನಾನು ಮನೆ ಮುಟ್ಟುವಾಗ ಬೆಳಗಿನ ಆರು. ಚೆಂಡೆಯ ಸದ್ದು ಇನ್ನೂ ಕಿವಿಯಲ್ಲೇ ಇರುತ್ತದೆ. ಕೈಕಾಲು ತೊಳೆದು, ಕಾರ್ಡ್ ರೀಡರ್‌ಗೆ ಕಾರ್ಡ್ ಹಾಕಿ, ಫೋಟೋ ಜೋಡಿಸಿಡುವ ಡಿಜಿಕ್ಯಾಮ್ ತಂತ್ರಾಂಶ ತೆರೆದು, ಒಳಗೆ ಹೋಗಿ ಆಯಿ ಕೊಟ್ಟ ಕಷಾಯ ಹಿಡಿದುಕೊಂಡು ಬರುತ್ತೇನೆ. ಬಿಕ್ಯಾಶ್ ಹಾಕುವ ಮೊದಲು ಕಷಾಯ ಮುಗಿದು, ತೆಳ್ಳೇವು ತಿಂದು ಕೈ ತೊಳೆದರೂ ಡಿಜಿಕ್ಯಾಮ್ ಹಳೆಯ ಫೋಲ್ಡರುಗಳನ್ನು ಹುಡುಕುತ್ತಲೇ ಇರುತ್ತಿತ್ತು. ಹಾರ್ಡ್‌ಡಿಸ್ಕ್ ಕರಕರ, ಕರಕರ. ಗೆದ್ದಲು ಮರ ತಿಂದ ಹಾಗೆ ಆ ಸದ್ದು. ಗಡಿಯಾರ ನೋಡಿ ಲೆಕ್ಕ ಹಾಕಿದ್ದೆ, ಆರೂವರೆ ನಿಮಿಷ.

ಕಾರಣ ಸರಳ. ನಿಮಿಷಕ್ಕೆ 7,200 ಸುತ್ತಿನ ಡಿಸ್ಕಿಗೆ ಒಂದು ಸುತ್ತು ಮುಗಿಸಲು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಓದುವ ಮುಳ್ಳಿನ, ಅಂದರೆ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ಹೆಡ್ ಅಲ್ಲಿಗೆ ಸರಿಯಬೇಕು. ಒಟ್ಟು ಲೆಕ್ಕದಲ್ಲಿ ಸೆಕೆಂಡಿಗೆ ನೂರು ಚಿಲ್ಲರೆ ಓದು ಆಗುವುದೂ ಕಷ್ಟ. ಒಂದು ದೊಡ್ಡ ಫೈಲನ್ನು ಸಾಲಾಗಿ ಓದು ಎಂದರೆ ಇದೇ ಡಿಸ್ಕ್ ಸೆಕೆಂಡಿಗೆ 150 ಎಂಬಿ ಕೊಡುತ್ತದೆ. ನನ್ನ ಪ್ರತಿ ಫೋಟೋದ ಪಕ್ಕದಲ್ಲಿ ಅದರ ವಿವರ ಬರೆದಿಟ್ಟ ಕೆಲವೇ ಕೆಬಿಯ ಒಂದು ಎಕ್ಸ್‌ಎಂಪಿ ಫೈಲಿದೆ, ಜೊತೆಗೆ ಥಂಬ್‌ನೇಲ್‌ಗಳ (ಪುಟ್ಟ ಚಿತ್ರಗಳ) ಡೇಟಾಬೇಸ್. ಇಂಥ ಚೂರುಪಾರು ಹೆಕ್ಕುವುದರಲ್ಲೇ ಡಿಸ್ಕಿನ ಉಸಿರು ಹೋಗುತ್ತಿತ್ತು.

ಬಿಕ್ಯಾಶ್ ಹಾಕಿದ ಮೊದಲ ದಿನ ಏನೂ ಬದಲಾಗಲಿಲ್ಲ. ಕ್ಯಾಶ್ ಇನ್ನೂ ಖಾಲಿ, ಒಮ್ಮೆ ಓದಿದ್ದು ಅಥವಾ ಬರೆದದ್ದು ಮಾತ್ರ ಅದರಲ್ಲಿ ಕೂರುತ್ತದೆ. ಮೂರನೆಯ ದಿನ ಬೆಳಿಗ್ಗೆ ಕಷಾಯ ಹಿಡಿದು ಬಂದರೆ ಫೋಟೋಗಳೆಲ್ಲ ಪರದೆ ತುಂಬ ಹರಡಿ ಕಾಯುತ್ತಿದ್ದವು. 40 ಸೆಕೆಂಡ್! ಸದ್ದೂ ಇಲ್ಲ. ಕಂಪ್ಯೂಟರ್ ಆಫ್ ಮಾಡಿ ಮರುದಿನ ಹಚ್ಚಿದರೂ ಅಷ್ಟೇ ವೇಗ, ಏಕೆಂದರೆ ರ‍್ಯಾಮ್‌ನಂತೆ ಈ ಕ್ಯಾಶ್ ಅಳಿದುಹೋಗುವುದಿಲ್ಲ. "ತಮಾ, ಅಪ್ಪಯ್ಯನ ಕೀಚಕನ ಫೋಟೋ ನಿನ್ನ ಹತ್ರ ಇದ್ದಾ?" ಎಂದು ಹಳೆಯ ಕಲಾವಿದರ ಮನೆಯವರು ಫೋನ್ ಮಾಡುತ್ತಾರೆ. ಮೊದಲು "ಸಂಜೆ ನೋಡಿ ಹೇಳ್ತೆ" ಎನ್ನುತ್ತಿದ್ದೆ. ಆಮೇಲೆ ಅವರು ಫೋನ್ ಇಡುವ ಮೊದಲೇ ಕೀಚಕ ಸಿಗತೊಡಗಿದ.

ಡೇಟಾಬೇಸ್ ಒಂದನ್ನೇ ಎಸ್‌ಎಸ್‌ಡಿಗೆ ಹಾಕಿದ್ದರೆ ಸಾಕಿತ್ತಲ್ಲ ಎಂದು ಕೇಳುವವರಿದ್ದಾರೆ. ಅದನ್ನೂ ಮಾಡಿ ನೋಡಿದೆ, ಅರ್ಧ ಲಾಭ ಸಿಕ್ಕಿತು. 52 ಸಾವಿರ ಎಕ್ಸ್‌ಎಂಪಿ, ಫೋಲ್ಡರುಗಳ ಪಟ್ಟಿ, ಫೈಲ್ ಸಿಸ್ಟಮ್‌ನ ಒಳಲೆಕ್ಕ, ಇವೆಲ್ಲ ಹಾರ್ಡ್‌ಡಿಸ್ಕಿನಲ್ಲೇ ಉಳಿದವು. ಯಾವುದನ್ನು ಎಲ್ಲಿಡಬೇಕೆಂದು ನಾನು ತಲೆ ಕೆಡಿಸಿಕೊಳ್ಳದೆ, ನನ್ನ ಕೈ ಎಲ್ಲಿ ಹೆಚ್ಚು ಓಡುತ್ತದೋ ಅದನ್ನು ಬಿಕ್ಯಾಶ್ ತಾನೇ ಹತ್ತಿರ ಇಟ್ಟುಕೊಳ್ಳುತ್ತದೆ. ಮೇಳಗಳು ಊರೂರು ತಿರುಗಿ ಆಟ ಆಡುವ ತಿರುಗಾಟದ ಕಾಲದಲ್ಲಿ ಈ ವರ್ಷದ ಮೇಳ, ಮಳೆಗಾಲದಲ್ಲಿ ಹಳೆಯ ಪ್ರಸಂಗಗಳು.

ಹಿಂದಿನ ದಿನದ ಓದಿನಲ್ಲಿ ನೂರಕ್ಕೆ ಎಷ್ಟು ಕ್ಯಾಶ್‌ನಿಂದಲೇ ಸಿಕ್ಕಿತು ಎಂದು ಬಿಕ್ಯಾಶ್ ಲೆಕ್ಕ ಇಡುತ್ತದೆ. ಬೆಳಿಗ್ಗೆ ಎದ್ದು ಮಳೆಮಾಪಕ ನೋಡುವಂತೆ ಆ ಅಂಕಿ ನೋಡುವುದು ನನಗೆ ರೂಢಿಯಾಗಿದೆ. ಸಾಮಾನ್ಯವಾಗಿ 85ರ ಆಸುಪಾಸು. ಒಮ್ಮೆ ಆಸೆಗೆ ಬಿದ್ದು ಅದನ್ನು ಕೆಡಿಸಿದ್ದೂ ಇದೆ. 4 ಎಂಬಿಗಿಂತ ಉದ್ದದ ಸಾಲು ಓದು, ಸಾಲು ಬರಹವನ್ನು ಬಿಕ್ಯಾಶ್ ತಾನಾಗಿಯೇ ಹೊರಗಿಡುತ್ತದೆ, ನೇರ ಹಾರ್ಡ್‌ಡಿಸ್ಕಿಗೆ ಬಿಡುತ್ತದೆ. ರಾ ಫೈಲೂ ವೇಗವಾಗಿ ತೆರೆಯಲಿ ಎಂದು ಆ ಮಿತಿಯನ್ನು ಸೊನ್ನೆ ಮಾಡಿದೆ. ಮುಂದಿನ ಆಟದ ಕಾರ್ಡ್ ತುಂಬುತ್ತಿದ್ದಂತೆ ಹೊಸ ಫೋಟೋಗಳೇ ಕ್ಯಾಶ್ ಆವರಿಸಿ, ಜತನದಿಂದ ಕೂಡಿಟ್ಟ ಚೂರುಪಾರನ್ನೆಲ್ಲ ಹೊರಗೆ ಹಾಕಿದವು. ಮರುದಿನ ಅಂಕಿ 31. ಮಿತಿಯನ್ನು ಮತ್ತೆ 4 ಎಂಬಿಗೆ ತಂದೆ, ಆಮೇಲೆ ಮುಟ್ಟಿಲ್ಲ. ರಾ ಫೈಲ್ ತೆರೆಯುವ ವೇಗ ಹಳೆಯದೇ, ಅದರ ಆಸೆಯಿಂದ ಇದನ್ನು ಹಾಕಬೇಡಿ.

ಈಗ ರೈಟ್‌ಬ್ಯಾಕ್ ವಿಷಯ. ಬಿಕ್ಯಾಶ್ ಬರುವಾಗ ರೈಟ್‌ಥ್ರೂನಲ್ಲಿ ಬರುತ್ತದೆ, ಅಂದರೆ ಬರೆದದ್ದು ಹಾರ್ಡ್‌ಡಿಸ್ಕ್ ಮುಟ್ಟಿದ ಮೇಲೆಯೇ ಕೆಲಸ ಮುಗಿಯಿತು ಎನ್ನುತ್ತದೆ. ರೈಟ್‌ಬ್ಯಾಕ್‌ನಲ್ಲಿ ಎಸ್‌ಎಸ್‌ಡಿ ಮುಟ್ಟಿದರೆ ಸಾಕು, ಹಾರ್ಡ್‌ಡಿಸ್ಕಿಗೆ ಆಮೇಲೆ ನಿಧಾನ ಸಾಗಿಸುತ್ತದೆ. ಕ್ಯಾಶ್‌ನ ನೂರಕ್ಕೆ ಹತ್ತರಷ್ಟು ಹೀಗೆ ಸಾಗದೆ ಉಳಿಯಲು ಬಿಡುವುದು ಅದರ ಮೊದಲಿನ ಹೊಂದಿಕೆ. ನನ್ನ 80 ಜಿಬಿಗೆ 8 ಜಿಬಿ! ವೇಷಧಾರಿಗಳ ಹೆಸರು ಬರೆದು ಎಂಟರ್ ಒತ್ತಿದರೆ ರೈಟ್‌ಬ್ಯಾಕ್‌ನಲ್ಲಿ ಕಣ್ಣು ಮಿಟುಕಿಸುವಷ್ಟೂ ತಡವಿಲ್ಲ. ಅದಕ್ಕೆ ಮರುಳಾದೆ. ರಾತ್ರಿ ಮನೆಯೆಲ್ಲ ಮಲಗಿದ ಮೇಲೆ ಹಾರ್ಡ್‌ಡಿಸ್ಕ್ ಟಿಕ್, ಟಿಕ್ ಎಂದು ಬಾಕಿ ಬರೆದುಕೊಳ್ಳುವ ಸದ್ದು ಕೇಳುತ್ತಿತ್ತು. ಸಾಗಬೇಕಾದದ್ದು ಇನ್ನೂ ಇದೆ ಎಂದು ಅದು ಹೇಳುತ್ತಿತ್ತು, ನನಗೆ ಅರ್ಥವಾಗಲಿಲ್ಲ.

ಕರೆಂಟ್ ಹೋದರೆ ಏನಾಗುತ್ತದೆಂಬ ಭಯ ಮಾತ್ರ ಇತ್ತು. ನಮ್ಮಲ್ಲಿ ಜೂನ್ ಬಂತೆಂದರೆ ತಂತಿಯ ಮೇಲೆ ಮರ ಬೀಳದ ವಾರವಿಲ್ಲ. ಆದರೆ ಎಷ್ಟು ಸಲ ಕರೆಂಟ್ ಹೋದರೂ ಬಿಕ್ಯಾಶ್ ಒಂದು ಅಕ್ಷರ ಕಳೆಯಲಿಲ್ಲ, ಮತ್ತೆ ಹಚ್ಚಿದಾಗ ಬಿಟ್ಟಲ್ಲಿಂದಲೇ ಮುಂದುವರಿಯಿತು. ಈ ಮೆಚ್ಚುಗೆ ಅದಕ್ಕೆ ಸಲ್ಲಬೇಕು.

ಕೈಕೊಟ್ಟದ್ದು ಎಸ್‌ಎಸ್‌ಡಿ. 2022ರ ಜುಲೈನಲ್ಲಿ ಒಂದು ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದೊಡನೆ ಬರುವ ಬಯೋಸ್‌ನಲ್ಲಿ ಅದರ ಹೆಸರೇ ಇಲ್ಲ. ಹಿಂದಿನ ವಾರ ನೋಡಿದಾಗ ಆಯುಷ್ಯ ನೂರಕ್ಕೆ 83 ಬಾಕಿ ಎಂದು ತೋರಿಸುತ್ತಿತ್ತು. ಪೆನ್‌ಡ್ರೈವ್‌ನಿಂದ ಉಬುಂಟು ಹಚ್ಚಿ ನೋಡಿದರೆ ಹಾರ್ಡ್‌ಡಿಸ್ಕ್ ಕಾಣುತ್ತದೆ, ಬಿಕ್ಯಾಶ್ ಅದನ್ನು ತೆರೆಯಲು ಒಪ್ಪುವುದಿಲ್ಲ. ತೆರೆಯದಿರುವುದೇ ಸರಿ, ಹೊಸ ಬರಹವೆಲ್ಲ ಸತ್ತ ಎಸ್‌ಎಸ್‌ಡಿಯಲ್ಲಿತ್ತು. ಒತ್ತಾಯ ಮಾಡಿ ತೆರೆಸಿ, ಫೈಲ್ ಸಿಸ್ಟಮ್ ದುರಸ್ತಿ ಮಾಡುವ ಎಫ್‌ಎಸ್‌ಸಿಕೆ ಓಡಿಸಿದೆ. ಫೋಲ್ಡರುಗಳ ಲೆಕ್ಕವೇ ಹರಿದುಹೋಗಿತ್ತು. ಹೆಸರು ಕಳೆದುಕೊಂಡ 1,140 ಫೈಲುಗಳು ಬರೀ ಅಂಕಿ ಹೊತ್ತು ಲಾಸ್ಟ್ ಅಂಡ್ ಫೌಂಡ್ ಫೋಲ್ಡರಿನಲ್ಲಿ ಬಿದ್ದಿದ್ದವು. ಫೋಟೋಗಳೊಳಗಿನ ದಿನಾಂಕ, ಗಂಟೆ ನೋಡಿ ಒಂದೊಂದನ್ನೇ ಅದರದರ ಆಟಕ್ಕೆ ಸೇರಿಸಲು ಹನ್ನೊಂದು ದಿನ ಹಿಡಿಯಿತು. ಚಿತ್ರಗಳು ಉಳಿದವು. ಡೇಟಾಬೇಸ್ ಮಾತ್ರ ಹಾಳು, ನನ್ನ ಬ್ಯಾಕಪ್ ಒಂಬತ್ತು ದಿನ ಹಳೆಯದು.

ಆ ಒಂಬತ್ತು ದಿನದಲ್ಲಿ ನಾನು ಬರೆದಿದ್ದು ಒಬ್ಬ ಹಿರಿಯ ವೇಷಧಾರಿ ಬಣ್ಣ ಹಚ್ಚುವ ಚೌಕಿಯಲ್ಲಿ ಕೂತು ಹೇಳಿದ ಮಾತುಗಳು. ಯಾವ ವೇಷಕ್ಕೆ ಮುಖದ ಬಣ್ಣ ಹೇಗೆ, ಯಾವ ಆಭರಣವನ್ನು ಅವರ ಗುರುಗಳು ಏನೆಂದು ಕರೆಯುತ್ತಿದ್ದರು, ಹೀಗೆ ಒಂದೊಂದು ಫೋಟೋದ ಕೆಳಗೂ ನಾಲ್ಕಾರು ಸಾಲು. ಎಂಟರ್ ಒತ್ತಿದೊಡನೆ ಬರಹ ಕೂತಿತೆಂದು ನಂಬಿ ಕೈಬರಹದ ಚೀಟಿಗಳನ್ನು ಬಚ್ಚಲ ಒಲೆಗೆ ಹಾಕಿದ್ದೆ. ಮತ್ತೆ ಅವರ ಮನೆಗೆ ಹೋದೆ. ಬೇಸರಿಸದೆ ಕೂತು ಹೇಳಿದರು. ಮೊದಲ ಸಲ ಹೇಳಿದ್ದರಲ್ಲಿ ಕೆಲವು ಅವರಿಗೂ ನೆನಪಾಗಲಿಲ್ಲ. ಆ ಸಾಲುಗಳು ಹೋದದ್ದು ಹೋದವು. ಎಸ್‌ಎಸ್‌ಡಿ ಕಂಪನಿ ವಾರಂಟಿಯಲ್ಲಿ ಹೊಸದು ಕಳಿಸಿತು.

ಒಂದು ತಿಂಗಳು ಬರೀ ಹಾರ್ಡ್‌ಡಿಸ್ಕಿನಲ್ಲೇ ಕೆಲಸ ಮಾಡಿದೆ. ಮತ್ತೆ ಆರೂವರೆ ನಿಮಿಷ, ಮತ್ತೆ ಕರಕರ. ನವೆಂಬರಿನ ತಿರುಗಾಟ ಶುರುವಾಗುವ ಮೊದಲು ಬಿಕ್ಯಾಶ್ ಮರಳಿ ಹಾಕಿದೆ, ಈ ಸಲ ರೈಟ್‌ಥ್ರೂ. ಎಸ್‌ಎಸ್‌ಡಿ ನಾಳೆ ಸತ್ತರೂ ಬರೆದದ್ದೆಲ್ಲ ಹಾರ್ಡ್‌ಡಿಸ್ಕಿನಲ್ಲಿ ಇರುತ್ತದೆ, ಕಳೆಯುವುದು ವೇಗ ಮಾತ್ರ. ಓದುವ ವೇಗ ಹಿಂದಿನಷ್ಟೇ, ಬೆಳಗಿನ 40 ಸೆಕೆಂಡ್ ಹಾಗೆಯೇ ಇದೆ. ಬ್ಯಾಕಪ್ ಈಗ ಪ್ರತಿ ರಾತ್ರಿ, ಚೀಟಿಗಳು ಕಡತದಲ್ಲಿ.

ನಿಮ್ಮ ಸಾಮಾನು 500 ಜಿಬಿ ಒಳಗಿದ್ದರೆ ಇದರ ಗೊಡವೆ ಬೇಡ, ನೇರ ಎಸ್‌ಎಸ್‌ಡಿ ಕೊಳ್ಳಿ. ಸಿನಿಮಾ, ವಿಡಿಯೋ ತುಂಬಿಟ್ಟ ಡಿಸ್ಕಿಗೂ ಉಪಯೋಗವಿಲ್ಲ. ಟಿಬಿಗಟ್ಟಲೆ ರಾಶಿಯ ಸುತ್ತ ಸಾವಿರಾರು ಸಣ್ಣ ಫೈಲುಗಳಿದ್ದು, ದಿನಾ ಅದರಲ್ಲೇ ಕೈಯಾಡಿಸುವವರಿಗೆ 1,900 ರೂಪಾಯಿಗೆ ಇಷ್ಟು ಹಿತ ಕೊಟ್ಟದ್ದನ್ನು ನಾನು ಬೇರೆ ಕಂಡಿಲ್ಲ.

ಹೆಸರು ಬರೆಯುವಾಗ ಈಗ ಅರೆಕ್ಷಣ ಕಾಯಬೇಕು. ವೇಷಧಾರಿಯ ಹೆಸರು ಬರೆಯುತ್ತೇನೆ, ಎಂಟರ್ ಒತ್ತುತ್ತೇನೆ. ಒಳಗಿನಿಂದ ಒಂದು ಕರ್ ಎಂಬ ಸದ್ದು. ಅದು ಕೇಳಿದ ಮೇಲೆ ಮುಂದಿನ ಫೋಟೋ.