ಈಟಿಯ ಉದ್ದ, ಕುದುರೆಯ ಮೇವು: ಸ್ಟ್ರಾಟೆಜಿ ಗೇಮ್ ಆಡುವವರಿಗೆ ಪ್ರಾಚೀನ ಯುದ್ಧದ ಪುಸ್ತಕಗಳು

ರೋಮ್: ಟೋಟಲ್ ವಾರ್, ಫೀಲ್ಡ್ ಆಫ್ ಗ್ಲೋರಿ 2 ಆಡುವವರು ಒಳ್ಳೆಯ ಪುಸ್ತಕ ಹುಡುಕಲು ಹೊರಟರೆ ಸಾಮಾನ್ಯವಾಗಿ ಮೊದಲು ಸಿಗುವುದು ಅಲೆಕ್ಸಾಂಡರನದೋ ಹ್ಯಾನಿಬಲನದೋ ಜೀವನಚರಿತ್ರೆ. ಓದಲು ಸೊಗಸಾಗಿರುತ್ತದೆ, ಆಟಕ್ಕೆ ಉಪಯೋಗ ಕಡಿಮೆ. ಆಟಗಾರನಿಗೆ ಬೇಕಾದದ್ದು ಪರದೆಯ ಮೇಲೆ ಕಾಣದ ಲೆಕ್ಕ. ಒಬ್ಬ ಕಾಲಾಳು ನಿಲ್ಲಲು ಎಷ್ಟು ಅಡಿ ಬೇಕು? ಒಂದು ಕುದುರೆ ದಿನಕ್ಕೆ ಎಷ್ಟು ತಿನ್ನುತ್ತದೆ? ಆನೆ ಎಲ್ಲಿಂದ ಬರುತ್ತದೆ? ಇವಕ್ಕೆ ಉತ್ತರ ಕೊಡುವ ಪುಸ್ತಕಗಳನ್ನೇ ಇಲ್ಲಿ ಆರಿಸಿದ್ದೇವೆ.

ಮೊದಲ ಸ್ಥಾನ ಪಾಲಿಬಿಯಸ್‌ನ ಇತಿಹಾಸಕ್ಕೆ. ಕ್ರಿ.ಪೂ. 2ನೇ ಶತಮಾನದ ಈ ಗ್ರೀಕ್ ಲೇಖಕ ಸ್ವತಃ ಅಶ್ವದಳದ ನಾಯಕನಾಗಿದ್ದವನು. ಮೊದಲ ಪುಟದಿಂದ ಶುರುಮಾಡಬೇಡಿ, ನೇರವಾಗಿ 18ನೇ ಭಾಗದ 28ರಿಂದ 32ನೇ ಅಧ್ಯಾಯಕ್ಕೆ ಹೋಗಿ. ಮ್ಯಾಸಿಡೋನಿಯಾದ ಫ್ಯಾಲಂಕ್ಸನ್ನು (ಉದ್ದ ಈಟಿ ಹಿಡಿದು ಒತ್ತಾಗಿ ಸಾಲುಗಟ್ಟಿದ ಕಾಲಾಳುಗಳ ವ್ಯೂಹ) ಎದುರಿನಿಂದ ಮುರಿಯಲು ಯಾಕೆ ಆಗದು, ಆದರೂ ಅದು ರೋಮನ್ನರಿಗೆ ಯಾಕೆ ಸೋತಿತು ಎಂಬುದಷ್ಟೂ ಆ ಐದು ಅಧ್ಯಾಯಗಳಲ್ಲಿದೆ. ಸರಿಸ್ಸಾ ಎಂಬ ಈಟಿಯ ಉದ್ದ 14 ಮೊಳ. ಹಿಡಿತಕ್ಕೂ ಹಿಂಭಾರಕ್ಕೂ 4 ಮೊಳ ಹೋಗಿ ಮುಂದೆ ಚಾಚುವುದು 10. ಸಾಲಿನಿಂದ ಸಾಲಿಗೆ 2 ಮೊಳ ಅಂತರ. ಹಾಗಾಗಿ ಎರಡನೇ ಸಾಲಿನವನ ಈಟಿ ಮುಂಚೂಣಿಯಿಂದ 8 ಮೊಳ, ಮೂರನೆಯವನದು 6, ನಾಲ್ಕನೆಯವನದು 4, ಐದನೆಯವನದು 2 ಮೊಳ ಆಚೆ ಬರುತ್ತದೆ. ಆರನೇ ಸಾಲಿನಿಂದ ಹಿಂದಿನವರ ಈಟಿ ಶತ್ರುವಿಗೆ ಎಟುಕುವುದೇ ಇಲ್ಲ, ಅವರ ಕೆಲಸ ಹಿಂದಿನಿಂದ ಒತ್ತುವುದು. ಫ್ಯಾಲಂಕ್ಸಿನವನೊಬ್ಬ ನಿಲ್ಲುವುದು 3 ಅಡಿ ಜಾಗದಲ್ಲಿ. ಕತ್ತಿ ಬೀಸುವ ರೋಮನ್ ಸೈನಿಕನಿಗೆ ಇನ್ನೂ 3 ಅಡಿ ಹೆಚ್ಚು ಜಾಗ ಬೇಕು. ಅವನೊಬ್ಬನ ಎದುರು ಇಬ್ಬರು ಫ್ಯಾಲಂಕ್ಸಿನವರು, ಹತ್ತು ಈಟಿ ಮೊನೆ!

ಹಾಗಿದ್ದೂ ಕ್ರಿ.ಪೂ. 197ರಲ್ಲಿ ಗ್ರೀಸಿನ ಸೈನೋಸೆಫಲೆ ಕದನದಲ್ಲಿ ಏನಾಯಿತು? ಮ್ಯಾಸಿಡೋನಿಯಾದ ಬಲಪಕ್ಕ ಇಳಿಜಾರಿನಲ್ಲಿ ರೋಮನ್ನರನ್ನು ತಳ್ಳಿಕೊಂಡು ಹೋಯಿತು, ಎಡಪಕ್ಕ ಇನ್ನೂ ಸಾಲುಗಟ್ಟದೆ ಗುಡ್ಡದ ಮೇಲೆ ಚದುರಿತ್ತು. ಗೆಲ್ಲುತ್ತಿದ್ದ ಬಲಪಕ್ಕದ ಬೆನ್ನಿಗೆ ಒಬ್ಬ ರೋಮನ್ ಅಧಿಕಾರಿ ಸುಮಾರು 20 ತುಕಡಿ ನುಗ್ಗಿಸಿದ. ಅಷ್ಟು ಉದ್ದದ ಈಟಿ ಹಿಡಿದು ಒತ್ತಾಗಿ ನಿಂತವರು ತಿರುಗಲು ಸಾಧ್ಯವೇ ಇರಲಿಲ್ಲ. ಆಟದಲ್ಲಿ ಫ್ಯಾಲಂಕ್ಸ್ ಸೋಲುವುದೂ ಬಹುಪಾಲು ಹೀಗೆಯೇ: ಒಂದು ಯೂನಿಟ್ ಗೆದ್ದ ಹುರುಪಿನಲ್ಲಿ ಮುಂದೆ ಹೋಗುತ್ತದೆ, ಪಕ್ಕದ್ದು ಹಿಂದೆ ಉಳಿಯುತ್ತದೆ, ನಡುವೆ ಬಿರುಕು ಬೀಳುತ್ತದೆ.

ಪಾಲಿಬಿಯಸ್ ಕೊಳ್ಳುವಾಗ ಒಂದು ಎಚ್ಚರಿಕೆ. ಪೇಪರ್‌ಬ್ಯಾಕ್‌ಗಳಲ್ಲಿ ಹೆಚ್ಚಿನವು ಆಯ್ದ ಭಾಗಗಳು ಮಾತ್ರ, 18ನೇ ಭಾಗ ಇದೆಯೇ ಎಂದು ಪರಿವಿಡಿ ನೋಡಿಯೇ ದುಡ್ಡು ಕೊಡಿ. ಲೋಯೆಬ್ ಮಾಲೆಗಾಗಿ ಪೇಟನ್ ಮಾಡಿದ ಪೂರ್ಣ ಇಂಗ್ಲಿಷ್ ಅನುವಾದ ಹಳೆಯದಾದ್ದರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಆಟಗಾರನಿಗೆ ಅದೇ ಸಾಕು. ಮುಂದೆ 3ನೇ ಭಾಗದಲ್ಲಿ ಕ್ಯಾನೆ ಕದನವನ್ನೂ 2ನೇ ಭಾಗದ 24ನೇ ಅಧ್ಯಾಯವನ್ನೂ ಒಟ್ಟಿಗೆ ಓದಿ. ಎರಡನೆಯದರಲ್ಲಿ ರೋಮ್ ಮತ್ತು ಮಿತ್ರರ ಸೇನಾಬಲದ ಪಟ್ಟಿ ಇದೆ: 7 ಲಕ್ಷ ಕಾಲಾಳು, 70,000 ಸವಾರರು. ಕಾರ್ಥೇಜಿನ ಹ್ಯಾನಿಬಲ್ ಕ್ಯಾನೆಯಲ್ಲಿ ರೋಮನ್ನರನ್ನು ಗೆದ್ದೂ ಯುದ್ಧ ಯಾಕೆ ಗೆಲ್ಲಲಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಎರಡನೆಯದು ಡೊನಾಲ್ಡ್ ಎಂಗೆಲ್ಸ್ 1978ರಲ್ಲಿ ಬರೆದ, ಅಲೆಕ್ಸಾಂಡರನ ಸೇನೆಯ ಸರಬರಾಜು ಕುರಿತ ತೆಳುವಾದ ಪುಸ್ತಕ. ಕ್ಯಾಂಪೇನ್ ಮ್ಯಾಪಿನಲ್ಲಿ ಸೇನೆ ಯಾಕೆ ಸವೆಯುತ್ತದೆ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಅವರ ಅಂಕಿ ಹೀಗಿದೆ: ಸೈನಿಕನಿಗೆ ದಿನಕ್ಕೆ ಸುಮಾರು 1.4 ಕೆಜಿ ಧಾನ್ಯ, ಕುದುರೆಗೆ 4.5 ಕೆಜಿ ಧಾನ್ಯ ಮತ್ತು ಅಷ್ಟೇ ತೂಕದ ಹುಲ್ಲು, ಹೇರುಕುದುರೆ ಹೊರುವುದು ಸುಮಾರು 90 ಕೆಜಿ. ಕಾಗದದ ಮೇಲೆ ನೀವೇ ಮಾಡಿ ನೋಡಿ. ದಾರಿಯಲ್ಲಿ ಹುಲ್ಲಿಲ್ಲದಿದ್ದರೆ ಕುದುರೆ ತಾನು ಹೊತ್ತದ್ದನ್ನು ತಾನೇ ಹತ್ತು ದಿನಕ್ಕೆ ತಿಂದು ಮುಗಿಸುತ್ತದೆ. ಅದೇ ಹೇರಿನಿಂದ ಹತ್ತು ಸೈನಿಕರಿಗೂ ಬಡಿಸಬೇಕೆಂದರೆ ನಾಲ್ಕೇ ದಿನ. ಕುದುರೆ ಹೆಚ್ಚಿಸಿದರೆ ತಿನ್ನುವ ಬಾಯಿಯೂ ಹೆಚ್ಚುತ್ತದೆ, ಹತ್ತು ದಿನದ ಗಡಿ ದಾಟುವುದಿಲ್ಲ. ನೀರನ್ನೂ ಹೊರಬೇಕಾದ ಮರುಭೂಮಿಯಲ್ಲಂತೂ ಎರಡು ದಿನವೇ ಹೆಚ್ಚು. ಆದ್ದರಿಂದಲೇ ಕೊಯ್ಲಿನ ಕಾಲ, ನದಿ, ಬಂದರು ಇವು ಅಲೆಕ್ಸಾಂಡರನ ದಾರಿಯನ್ನು ತೀರ್ಮಾನಿಸುತ್ತಿದ್ದವು ಎಂಬುದು ಎಂಗೆಲ್ಸ್ ವಾದ. ಈ ಅಂಕಿಗಳನ್ನು ಕಲ್ಲಿನ ಮೇಲಿನ ಬರಹ ಎಂದುಕೊಳ್ಳಬೇಡಿ. ಮೇಯುವ ಹುಲ್ಲು ಸಿಕ್ಕರೆ ದಿನಗಳು ಬೇಗ ಹೆಚ್ಚುತ್ತವೆ. ಮಾಡ್ (ಆಟವನ್ನು ತಿದ್ದಿ ಬದಲಿಸಿದ ಆವೃತ್ತಿ) ತಯಾರಿಸುವವರು ಸೂತ್ರವನ್ನು ತೆಗೆದುಕೊಂಡು, ಪ್ರಾಂತ್ಯಕ್ಕೆ ತಕ್ಕಂತೆ ಹುಲ್ಲಿನ ಅಂಕಿ ಬದಲಿಸಬೇಕು.

ಫಿಲಿಪ್ ಸೇಬಿನ್ ಅವರ 'ಲಾಸ್ಟ್ ಬ್ಯಾಟಲ್ಸ್' (2007) ಅರ್ಧ ಸಂಶೋಧನೆ, ಅರ್ಧ ಬೋರ್ಡ್ ಗೇಮ್. ಮೂವತ್ತಕ್ಕೂ ಹೆಚ್ಚು ಕದನಗಳನ್ನು ಒಂದೇ ನಿಯಮದಲ್ಲಿ ಆಡಿಸುತ್ತಾರೆ. ಹಳೆಯ ಲೇಖಕ ಕೊಟ್ಟ ಸೈನ್ಯದ ಸಂಖ್ಯೆ ಉತ್ಪ್ರೇಕ್ಷೆಯಾಗಿದ್ದರೆ ಕದನ ಇತಿಹಾಸದಂತೆ ನಡೆಯುವುದೇ ಇಲ್ಲ, ಅಲ್ಲಿ ತಪ್ಪು ಸಿಕ್ಕಿಬೀಳುತ್ತದೆ. ನಿಯಮಗಳು ಒರಟು, ಮೊದಲ ಆಟಕ್ಕೆ ತಾಳ್ಮೆ ಬೇಕು.

ಪೀಟರ್ ಕಾನಲಿಯ 'ಗ್ರೀಸ್ ಆ್ಯಂಡ್ ರೋಮ್ ಅಟ್ ವಾರ್' (1981) ಕೊಳ್ಳುವುದು ಚಿತ್ರಗಳಿಗಾಗಿ. ಗುರಾಣಿಯ ಹಿಡಿ, ಶಿರಸ್ತ್ರಾಣದ ಕಟ್ಟು ಎಲ್ಲವನ್ನೂ ಲೇಖಕರೇ ಚಿತ್ರಿಸಿದ್ದಾರೆ. ಮಿನಿಯೇಚರ್‌ಗೆ ಬಣ್ಣ ಹಚ್ಚುವವರ ಮೇಜಿನ ಮೇಲೆ ಇದು ಇರಲೇಬೇಕು.

ಇನ್ನು ಅರ್ಥಶಾಸ್ತ್ರ. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೂಲವನ್ನು ಅಚ್ಚು ಹಾಕಿಸದಿದ್ದರೆ ಇಂದು ನಮಗೆ ಈ ಚರ್ಚೆಯೇ ಇರುತ್ತಿರಲಿಲ್ಲ. ಅವರ 1915ರ ಇಂಗ್ಲಿಷ್ ಅನುವಾದವೂ ಉಚಿತವಾಗಿ ಸಿಗುತ್ತದೆ. ಓದಬೇಕಾದದ್ದು 10ನೇ ಅಧಿಕರಣ. ಅದರ 5ನೇ ಅಧ್ಯಾಯದಲ್ಲಿ ಗೇಮರ್‌ಗಳು ಎಡವುವ ಒಂದು ಜಾಗವಿದೆ. ಕುದುರೆಗೆ 3 ಆಳು, ರಥ ಅಥವಾ ಆನೆಗೆ 15 ಆಳು ಮತ್ತು 5 ಕುದುರೆ ಎಂಬ ಮಾತನ್ನು ಶಾಮಶಾಸ್ತ್ರಿಗಳು ಶತ್ರುವನ್ನು ಎದುರಿಸಲು ಬೇಕಾದ ಸಂಖ್ಯೆಯಾಗಿ ಅನುವಾದಿಸಿದ್ದಾರೆ. ಓದಿದವರು ಅದನ್ನು ಯಾವ ಯೂನಿಟ್ಟಿಗೆ ಯಾವುದು ಮದ್ದು ಎಂಬ ಪಟ್ಟಿ ಎಂದುಕೊಳ್ಳುತ್ತಾರೆ. ಮುಂದೆಯೇ ವ್ಯೂಹದ ಲೆಕ್ಕ ಬರುತ್ತದೆ: 45 ರಥ, 225 ಕುದುರೆ, 675 ಆಳು. ಭಾಗಿಸಿ ನೋಡಿ, ಪ್ರತಿ ರಥಕ್ಕೆ ಸರಿಯಾಗಿ 5 ಕುದುರೆ, 15 ಆಳು. ಅಂದರೆ ಇದು ರಥದ ಮುಂದೆ ನಿಂತು ಕಾದುವ ಸ್ವಂತ ಪಡೆ. ಇಷ್ಟೇ ಸಂಖ್ಯೆಯ ಪಾದಗೋಪರು, ಅಂದರೆ ಕಾಲು ಕಾಯುವ ಆಳುಗಳು, ಬೇರೆ. ಆಟದಲ್ಲಿ ಆನೆಯನ್ನು ಒಂಟಿಯಾಗಿ ನುಗ್ಗಿಸಿ ಕಳೆದುಕೊಳ್ಳುವವರು ಈ ಒಂದು ಪುಟ ಓದಿದರೆ ಸಾಕು. ಪ್ಯಾಟ್ರಿಕ್ ಒಲಿವೆಲ್ ಅವರ 2013ರ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡರೆ ಇಂಥ ಕಡೆ ಅನುಕೂಲ.

ಆನೆಯ ಬಗ್ಗೆಯೇ ಆಳವಾಗಿ ತಿಳಿಯಬೇಕಾದರೆ ಥಾಮಸ್ ಟ್ರೌಟ್‌ಮನ್ ಅವರ 'ಎಲಿಫೆಂಟ್ಸ್ ಆ್ಯಂಡ್ ಕಿಂಗ್ಸ್' (2015). ಯುದ್ಧದ ಆನೆಯನ್ನು ಲಾಯದಲ್ಲಿ ಮರಿಯಿಂದ ಸಾಕಿದರೆ ಸುಮಾರು ಇಪ್ಪತ್ತು ವರ್ಷ ಸುಮ್ಮನೆ ತಿನ್ನಿಸಬೇಕು. ಅದಕ್ಕೇ ಬೆಳೆದದ್ದನ್ನು ಕಾಡಿನಿಂದ ಹಿಡಿಯುತ್ತಿದ್ದರು. ಇಪ್ಪತ್ತು ವರ್ಷದ ಆನೆಯನ್ನು ಹಿಡಿಯಬೇಕೆಂದು ಅರ್ಥಶಾಸ್ತ್ರವೂ ಹೇಳುತ್ತದೆ. ಕಾಕನಕೋಟೆಯ ಖೆಡ್ಡಾ ಬಗ್ಗೆ ಕೇಳಿದವರಿಗೆ ಇದು ಹೊಸದೇನಲ್ಲ. ಕಾಡಿಲ್ಲದ ರಾಜ ಆನೆಯನ್ನು ಕೊಳ್ಳಬೇಕು, ಇಲ್ಲವೇ ಒಪ್ಪಂದದಲ್ಲಿ ಪಡೆಯಬೇಕು. ಸೆಲ್ಯೂಕಸ್ ಚಂದ್ರಗುಪ್ತನಿಗೆ ಪ್ರಾಂತ್ಯಗಳನ್ನು ಬಿಟ್ಟುಕೊಟ್ಟು ಪಡೆದದ್ದು 500 ಆನೆ ಎಂದು ಗ್ರೀಕ್ ಲೇಖಕರು ಬರೆದಿದ್ದಾರೆ. ಭಾರತದಿಂದ ಆನೆ ತರುವ ದಾರಿ ಮುಚ್ಚಿಹೋಗಿದ್ದ ಈಜಿಪ್ಟಿನ ಟಾಲೆಮಿ ವಂಶದ ರಾಜರು ಆಫ್ರಿಕಾದ ಆನೆ ಹಿಡಿಸಿದರು. ಕ್ರಿ.ಪೂ. 217ರ ರಾಫಿಯಾ ಕದನದಲ್ಲಿ ಆ 73 ಆನೆಗಳಲ್ಲಿ ಹೆಚ್ಚಿನವು ಎದುರಾಳಿಯ 102 ಭಾರತೀಯ ಆನೆಗಳನ್ನು ಕಂಡೇ ಹಿಂಜರಿದವು. ಸ್ಟ್ರಾಟೆಜಿ ಗೇಮ್ ಇಂಪರೇಟರ್: ರೋಮ್‌ನಲ್ಲಿ ಆನೆಯನ್ನು ಕೆಲವೇ ಪ್ರಾಂತ್ಯಗಳಲ್ಲಿ ಸಿಗುವ ವ್ಯಾಪಾರದ ಸರಕಾಗಿ ಇಟ್ಟಿರುವುದು ಈ ಚರಿತ್ರೆಗೆ ಹತ್ತಿರವಾಗಿದೆ. ಕಟ್ಟಡ ಕಟ್ಟಿದ ಕಡೆಯೆಲ್ಲ ಆನೆ ಹುಟ್ಟಿಸುವ ಆಟಗಳಿಗೆ ಮಾಡ್ ಬರೆಯುವವರು ಮೊದಲು ತಿದ್ದಬೇಕಾದದ್ದು ಅದನ್ನೇ.