ಅಳಿಸಿದ್ದೂ ಉಳಿಯುತ್ತದೆ: ಈಥರ್‌ಪ್ಯಾಡ್ ಜೊತೆ ಒಂಬತ್ತು ತಿಂಗಳು

ರಾತ್ರಿ ಒಂಬತ್ತೂವರೆಗೆ ಪಾತ್ರೆ ತೊಳೆದಿಟ್ಟು, ಒಂದು ಲೋಟ ಮಜ್ಜಿಗೆ ಹಿಡಿದು ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ. ಪುಟ ತೆರೆದ ಕೂಡಲೇ ಕಣ್ಣು ಬಲಗಡೆ ಮೇಲಿನ ಮೂಲೆಗೆ ಹೋಗುತ್ತದೆ. ಅಲ್ಲೊಂದು ಪುಟ್ಟ ಅಂಕಿ ಇರುತ್ತದೆ. 1 ಇದ್ದರೆ ನಾನೊಬ್ಬಳೇ. 2 ಆಯಿತು ಅಂದರೆ ಅಣ್ಣ ಬಂದ. ಅವನಿರುವುದು ಚಿತ್ರದುರ್ಗದಲ್ಲಿ, ನಾನಿರುವುದು ದಾವಣಗೆರೆ ವಿದ್ಯಾನಗರದಲ್ಲಿ. ನಡುವೆ ಸುಮಾರು 60 ಕಿಲೋಮೀಟರ್ ಹೈವೇ. ಅವನ ಕರ್ಸರ್ ನನಗೆ ಕಾಣುವುದಿಲ್ಲ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಪುಟದಲ್ಲಿ ಎಲ್ಲೋ ಒಂದು ಕಡೆ ತಿಳಿ ಹಸಿರು ಹಿನ್ನೆಲೆಯಲ್ಲಿ ಒಂದು ಅಕ್ಷರ ಮೂಡುತ್ತದೆ. ಅದರ ಪಕ್ಕ ಇನ್ನೊಂದು. ನನ್ನ ದಿನದಲ್ಲಿ ಇದಕ್ಕಿಂತ ಇಷ್ಟದ ಹೊತ್ತು ಈಗ ಬೇರೆ ಇಲ್ಲ.

ಈಥರ್‌ಪ್ಯಾಡ್ ಏನು ಅಂತ ಉದ್ದಕ್ಕೆ ಹೇಳುವುದಿಲ್ಲ, ನೀವು ನೋಡಿರುತ್ತೀರಿ. ಲಿಂಕ್ ಇದ್ದವರೆಲ್ಲ ಒಂದೇ ಪುಟದಲ್ಲಿ ಒಟ್ಟಿಗೆ ಬರೆಯಬಹುದು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ನಾವು ಬರೆಯುತ್ತಿರುವುದು ದುರ್ಗದ ಹೊಂಡ, ಬಾವಿ, ಕೆರೆಗಳ ಬಗ್ಗೆ ಹೈಸ್ಕೂಲ್ ಮಕ್ಕಳು ಓದುವಂಥ ಒಂದು ಚಿಕ್ಕ ಪುಸ್ತಕ. ಅಣ್ಣ ಕನ್ನಡ ಮೇಷ್ಟ್ರಾಗಿ ನಿವೃತ್ತನಾದವನು. ನಾನು ಲೆಕ್ಕಪತ್ರದ ಕೆಲಸದವಳು, ಆದರೆ ಓದುವ, ಬರೆಯುವ ಹುಚ್ಚು ಜಾಸ್ತಿ. ಮೊದಲು ಅವನು ಹಾಳೆಯಲ್ಲಿ ಬರೆದು ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಿದ್ದ. ನಾನು ಟೈಪ್ ಮಾಡಿ ವಾಪಸ್ ಕಳಿಸುತ್ತಿದ್ದೆ. ಆಮೇಲೆ ಫೋನು: “ಮೂರನೇ ಪ್ಯಾರಾ, ನಾಲ್ಕನೇ ಸಾಲು, ಅಲ್ಲಿ ‘ಕೂಡ’ ತೆಗಿ.” ಒಂದು ವರ್ಷದಲ್ಲಿ ಹನ್ನೊಂದು ಪುಟ ಆಗಿತ್ತು. ಅದನ್ನು ನೋಡಲಾರದೆ ಬೆಂಗಳೂರಿನಲ್ಲಿರುವ ಅಣ್ಣನ ಮಗಳು ಇದನ್ನು ತೋರಿಸಿಕೊಟ್ಟಳು.

ಶುರುವಿನಲ್ಲೇ ತೊಡಕು ಬಂತು. ಅಣ್ಣನ ಹಳೆಯ ಕಂಪ್ಯೂಟರಿನಲ್ಲಿ ಅವನೇ ಟೈಪ್ ಮಾಡಿಟ್ಟ ನಲವತ್ತು ಪುಟ ಟಿಪ್ಪಣಿ ಇತ್ತು, ಎಲ್ಲ ಹಳೇ ನುಡಿ ಫಾಂಟಿನಲ್ಲಿ. ಅದನ್ನು ತಂದು ಪ್ಯಾಡಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಇದು ಈಥರ್‌ಪ್ಯಾಡಿನ ತಪ್ಪಲ್ಲ. ಆ ಫಾಂಟುಗಳಲ್ಲಿ ಕನ್ನಡ ಕಾಣುವುದು ಮೇಲೆ ಮಾತ್ರ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಒಳಗೂ ಕನ್ನಡ ಅಕ್ಷರವೇ ಇರುವ ಯೂನಿಕೋಡಿಗೆ ಬದಲಿಸಿದೆವು. ಬದಲಿಸುವಾಗ ಕೆಲವು ಕಡೆ ಅರ್ಕಾವತ್ತು ಜಾಗ ತಪ್ಪಿತು. ಪುಸ್ತಕ ಇರುವುದೇ ದುರ್ಗದ ಮೇಲೆ, ಪುಟಕ್ಕೆ ಹತ್ತು ಸಲ ‘ದುರ್ಗ’ ಬರುತ್ತದೆ, ಆ ಹೆಸರೇ ಮುರಿದು ಬಿದ್ದಿತ್ತು! ಇಬ್ಬರೂ ಕೂತು ನಾಲ್ಕು ರಾತ್ರಿ ತಿದ್ದಿದೆವು. ಅವನು ಮೇಲಿಂದ, ನಾನು ಕೆಳಗಿಂದ. ನಡುವೆ ಎಲ್ಲೋ ಇಬ್ಬರ ಬಣ್ಣವೂ ಒಂದೇ ಸಾಲಿನಲ್ಲಿ ಸೇರಿದಾಗ ಅಣ್ಣ ಕೆಳಗಿನ ಚಾಟ್ ಪೆಟ್ಟಿಗೆಯಲ್ಲಿ “ಊಟ ಆಯ್ತಾ?” ಅಂತ ಕೇಳಿದ. ಒಂದು ಮನೆಯಲ್ಲಿ ಎದುರು ಬದುರು ಕೂತಂಗೆ ಅನ್ನಿಸಿತು.

ಕೋಪ ಬಂದದ್ದು ಆಮೇಲೆ. ಮೊದಲ ಎರಡು ತಿಂಗಳು ನಾವು ಬಳಸಿದ್ದು ಯಾರೋ ಪುಕ್ಕಟೆ ನಡೆಸುವ ಒಂದು ತಾಣವನ್ನು. ನಡುವೆ ಅಣ್ಣನ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ತಿಂಗಳ ಮೇಲಾಯಿತು, ನಾವಿಬ್ಬರೂ ಆ ಕಡೆ ತಲೆ ಹಾಕಲಿಲ್ಲ. ವಾಪಸ್ ಬಂದರೆ ಪುಟ ಖಾಲಿ. ಹೊಸ ಪ್ಯಾಡಿನಲ್ಲಿ ತಾನಾಗೇ ಇರುತ್ತದಲ್ಲ, ಆ ಇಂಗ್ಲಿಷ್ ಸ್ವಾಗತದ ಸಾಲುಗಳು ಮಾತ್ರ ಇದ್ದವು. ತುಂಬಾ ದಿನ ಯಾರೂ ಮುಟ್ಟದ ಪ್ಯಾಡನ್ನು ಆ ತಾಣದವರು ಅಳಿಸಿಬಿಡುತ್ತಾರಂತೆ. ಆ ಮಾತು ಅವರ ಮುಖಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜನ ನಂಬಿ ಬರೆಯುವ ಜಾಗದಲ್ಲಿ ಅಂಥ ಮಾತನ್ನು ಬರೆಯುವ ಪುಟದ ಮೇಲೇ ದೊಡ್ಡದಾಗಿ ಹಾಕಬೇಕು. ಈಗಲೂ ನನ್ನದು ಅದೇ ಮಾತು. ಅರ್ಕಾವತ್ತು ತಿದ್ದಿದ ಮೇಲೆ ಒಂದು ಪ್ರತಿ ಇಳಿಸಿಕೊಂಡಿದ್ದೆ, ಅದರಿಂದ ಮುಕ್ಕಾಲು ಭಾಗ ಉಳಿಯಿತು. ಹೋದದ್ದು ಚಂದ್ರವಳ್ಳಿ ಅಧ್ಯಾಯ. ಮಯೂರಶರ್ಮನ ಕೆರೆ ಶಾಸನದ ಬಗ್ಗೆ ಅಣ್ಣ ಬರೆದ ಆರು ಪುಟ, 1929ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಲ್ಲಿ ಅಗೆದು ನೋಡಿದ ವಿವರ, ಎಲ್ಲವನ್ನೂ ಅವನು ಮತ್ತೆ ಬರೆಯಬೇಕಾಯಿತು. ಅದೂ ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಹನಿ ಬಿಟ್ಟುಕೊಳ್ಳುತ್ತಾ.

ಈಥರ್‌ಪ್ಯಾಡೇ ಬೇಡ ಅಂತ ನಾನು ಹಟ ಹಿಡಿದೆ. ಆಗ ಸೊಸೆ, ಅಂದರೆ ಅಣ್ಣನ ಆ ಮಗಳು, ಅದರ ಕಥೆ ಹೇಳಿದಳು. 2008ರಲ್ಲಿ ಆ್ಯಪ್‌ಜೆಟ್ ಅನ್ನುವ ಸಣ್ಣ ಕಂಪನಿ ಇದನ್ನು ಮಾಡಿತು. 2009ರ ಡಿಸೆಂಬರಿನಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡುಕೊಂಡಿತು. ಈಥರ್‌ಪ್ಯಾಡ್ ನಿಲ್ಲುತ್ತದೆ ಅಂತ ಗೊತ್ತಾದಾಗ ಬಳಸುತ್ತಿದ್ದವರು ಗಲಾಟೆ ಮಾಡಿದರು. ಅದೇ ತಿಂಗಳು ಅದರ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಆಮೇಲೆ ಬೇರೆ ಜನ ಸೇರಿ ಅದನ್ನು ಹೊಸದಾಗಿ, ಹಗುರವಾಗಿ ಬರೆದರು. ಈಗ ನಾವೆಲ್ಲ ಬಳಸುವುದು ಅದನ್ನೇ. “ಅತ್ತೆ, ಇದಕ್ಕೆ ಒಬ್ಬ ಯಜಮಾನ ಅಂತ ಇಲ್ಲ. ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಹಾಕ್ಕೋಬಹುದು. ಅದಕ್ಕೇ ಒಂದೊಂದು ಕಡೆ ಒಂದೊಂದು ನಿಯಮ. ನಮ್ಮದೇ ಒಂದು ಮಾಡ್ಕೊಳ್ಳೋಣ,” ಅಂದಳು. ತಿಂಗಳಿಗೆ ಸುಮಾರು 400 ರೂಪಾಯಿ ಬಾಡಿಗೆಯ ಒಂದು ಪುಟ್ಟ ಸರ್ವರ್ ಹಿಡಿದು, ಒಂದು ಭಾನುವಾರ ಮಧ್ಯಾಹ್ನ ಕೂತು ಹಾಕಿಕೊಟ್ಟಳು. ಮೂವರು ಹಂಚಿಕೊಂಡರೆ ತಲೆಗೆ ಬೀಳುವುದು ಇಲ್ಲಿ ಒಂದು ಸಲ ಬೆಣ್ಣೆ ದೋಸೆ ತಿಂದು ಕಾಫಿ ಕುಡಿದ ಖರ್ಚು. ನನ್ನ ಸಂಬಳಕ್ಕೆ ಅದು ಭಾರ ಅಲ್ಲ. ಆದರೆ ಹಾಕಿಕೊಡುವುದಕ್ಕೆ ಮನೆಯಲ್ಲಿ ತಿಳಿದವರು ಒಬ್ಬರು ಬೇಕು. ಅದನ್ನು ಮುಚ್ಚಿಡುವುದು ಸರಿಯಲ್ಲ.

ಈಗ ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ಮೇಲ್ಗಡೆ ಗಡಿಯಾರದ ಒಂದು ಚಿತ್ರ ಇದೆ. ಅದನ್ನು ಒತ್ತಿದರೆ ಒಂದು ಉದ್ದ ಪಟ್ಟಿ ಬರುತ್ತದೆ. ಪಟ್ಟಿಯ ಗುಂಡಿಯನ್ನು ಎಡಕ್ಕೆ ಎಳೆದರೆ ಪುಟ ಹಿಂದಕ್ಕೆ ಹೋಗುತ್ತದೆ. ಮೊದಲ ಅಕ್ಷರದಿಂದ ಇವತ್ತಿನ ತನಕ, ಬರೆದದ್ದು, ಅಳಿಸಿದ್ದು, ಮತ್ತೆ ಬರೆದದ್ದು ಎಲ್ಲ ಕಣ್ಣೆದುರು ನಡೆಯುತ್ತದೆ. ಇದು ಇದೆ ಅಂತ ನನಗೆ ಮೂರು ತಿಂಗಳು ಗೊತ್ತೇ ಇರಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಅಣ್ಣ ಓಬವ್ವನ ಭಾಗ ಬರೆದಿದ್ದ. ಹಿಂದಿನ ರಾತ್ರಿ ಎರಡು ಗಂಟೆ ಕೂತಿದ್ದನಂತೆ. ಪುಟದಲ್ಲಿ ಇದ್ದದ್ದು ಮೂರೇ ವಾಕ್ಯ: “ಕಾವಲಿನ ಗಂಡ ಊಟಕ್ಕೆ ಬಂದಿದ್ದ. ಕೊಡದಲ್ಲಿ ನೀರಿರಲಿಲ್ಲ. ಓಬವ್ವ ಕೊಡ ಎತ್ತಿಕೊಂಡು ತಣ್ಣೀರು ದೋಣಿಯ ಕಡೆ ಹೊರಟಳು.” (ತಣ್ಣೀರು ದೋಣಿ ಅಂದರೆ ಕೋಟೆಯಲ್ಲಿ ನೀರು ಸಿಗುವ ಜಾಗ.) ಎರಡು ಗಂಟೆಗೆ ಇಷ್ಟೇನಾ ಅಂತ ಗಡಿಯಾರ ಒತ್ತಿ ಹಿಂದೆ ಹೋದೆ. ಅವನು ಮೊದಲು ಶುರು ಮಾಡಿದ್ದು ‘ವೀರವನಿತೆ’ ಅಂತ. ಆಮೇಲೆ ಹೈದರಾಲಿಯ ಮುತ್ತಿಗೆ, ಮದಕರಿ ನಾಯಕ, ಕಿಂಡಿ, ಒನಕೆ, ನಾಡಿನ ಹೆಮ್ಮೆ, ಹದಿನೈದು ಸಾಲು ತುಂಬಿತು. ಅಲ್ಲಿ ನಿಂತ. ಆಮೇಲೆ ತಳದಿಂದ ಅಳಿಸುತ್ತಾ ಬಂದ, ಒಂದೊಂದೇ ಅಕ್ಷರ. ಪುಟ ಬರಿದಾಯಿತು. ‘ನೀರು ತರಲೆಂದು’ ಅಂತ ಬರೆದು ಅಳಿಸಿದ. ‘ನೀರಿಗಾಗಿ’ ಅಂತ ಬರೆದು ಅಳಿಸಿದ. ಆಮೇಲೆ ಒಮ್ಮೆಗೇ ‘ಕೊಡದಲ್ಲಿ ನೀರಿರಲಿಲ್ಲ’ ಅಂತ ಬಂತು. ಅದರ ಹಿಂದೊಂದು, ಮುಂದೊಂದು ವಾಕ್ಯ ಸೇರಿತು.

ನನಗೆ ಕಣ್ಣು ತುಂಬಿ ಬಂತು. ಅವನು ತರಗತಿಯಲ್ಲಿ ಎಷ್ಟು ವರ್ಷ ಹೇಳಿದ ಕಥೆ ಅದು. ಇಷ್ಟು ವರ್ಷದ ಮೇಲೆ ಅದನ್ನು ಹೊಸದಾಗಿ ಹುಡುಕುತ್ತಾ ಕೂತಿದ್ದ, ಆ ಹುಡುಕಾಟವನ್ನು ನಾನು ನೋಡಿದೆ. ತಕ್ಷಣ ಫೋನ್ ಮಾಡಿದೆ. “ಅಣ್ಣಾ, ಅಷ್ಟೆಲ್ಲ ಬರೆದು ಯಾಕೆ ಅಳಿಸಿದೆ?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಅದನ್ನೂ ನೋಡಿದ್ಯಾ?” ಅಂದ. ಆಮೇಲೆ, “ಹೊಗಳಿದ್ದನ್ನ ಮಕ್ಕಳು ಮೊದಲೇ ಕೇಳಿರ್ತಾರಮ್ಮ. ಕೊಡ ಖಾಲಿ ಇತ್ತು ಅನ್ನೋದನ್ನ ಯಾರು ಹೇಳ್ತಾರೆ?” ಅಂದ. ಫೋನ್ ಇಟ್ಟ.

ಅವತ್ತಿಂದ ಹತ್ತು ದಿನ ಹಸಿರು ಬಣ್ಣ ಬದಲಾಯಿತು. ಬಣ್ಣ ಅದೇ, ಓಟ ಬೇರೆ. ತಡೆಯಿಲ್ಲದೆ, ಅಳಿಸದೆ, ಪ್ಯಾರಾ ಮೇಲೆ ಪ್ಯಾರಾ. ಅತ್ತಿಗೆ ಹೇಳಿದ ಮೇಲೆ ಗೊತ್ತಾಯಿತು. ಅವನು ಮತ್ತೆ ಹಾಳೆಯಲ್ಲಿ ಬರೆದು, ಚೆಂದ ಮಾಡಿಕೊಂಡು, ನೋಡಿ ನೋಡಿ ಟೈಪ್ ಮಾಡುತ್ತಿದ್ದ. ಅಳಿಸಿದ್ದನ್ನು ತಂಗಿ ನೋಡುತ್ತಾಳೆ ಅನ್ನುವುದು ಅವನಿಗೆ ಮುಜುಗರವಾಗಿತ್ತು. ನನಗೆ ಬೇಜಾರಾಯಿತು, ಅವನ ಮೇಲಲ್ಲ, ಈ ಸಾಧನದ ಮೇಲೆ. ಬರೆಯುವವನ ತಡವರಿಕೆ ಅವನದು. ಪುಟಕ್ಕೆ ಬರುವವರೆಲ್ಲರಿಗೂ ಅದು ಕಾಣುತ್ತದೆ ಅಂತ ಮೊದಲೇ ಒಂದು ಮಾತು ಹೇಳಬೇಕಿತ್ತು, ಅಲ್ವಾ? ನಾನೂ ಹೇಳದೆ ನೋಡಿದ್ದು ಸರಿಯಲ್ಲ ಅನ್ನಿಸಿತು.

ಸರಿ ಮಾಡಿದವಳು ಸೊಸೆಯೇ. ಹಬ್ಬಕ್ಕೆ ದುರ್ಗಕ್ಕೆ ಹೋದಾಗ ಅವಳು ಅಪ್ಪನ ಮುಂದೆ ನಾನು ಬರೆದ ಹೊಂಡಗಳ ಅಧ್ಯಾಯವನ್ನು ಹಿಂದಿನಿಂದ ಓಡಿಸಿ ತೋರಿಸಿದ್ದಾಳೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೋಟೆ ಕೆಳಗಿನ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಸಂತೆ ಹೊಂಡಕ್ಕೆ. ಒಂದು ತುಂಬಿದ ಮೇಲೆ ಇನ್ನೊಂದು. ಅಷ್ಟನ್ನು ಬರೆಯಲು ನಾನು ಒಂದು ವಾರ ಒದ್ದಾಡಿದ್ದೆ. ಆ ರಾತ್ರಿ ಅಣ್ಣನೇ ಫೋನ್ ಮಾಡಿದ. “ನೀನು ‘ಹರಿಯುತ್ತದೆ’ ಅಂತ ಬರೆದು ‘ಹರಿಯುತ್ತಿತ್ತು’ ಮಾಡಿದ್ದೀಯ. ಮತ್ತೆ ‘ಹರಿಯುತ್ತದೆ’ ಮಾಡಿದ್ದೀಯ. ಐದು ಸಲ. ಯಾಕಮ್ಮ?” ಈಗ ಒಳ್ಳೆ ಮಳೆ ಬಂದ ವರ್ಷ ಹರಿಯುತ್ತದೆ, ಇಲ್ಲದಿದ್ದರೆ ಇಲ್ಲ, ಯಾವುದನ್ನು ಬರೆದರೂ ಅರ್ಧ ಸುಳ್ಳಾಗುತ್ತದೆ ಅಂದೆ. ಅದರ ಮೇಲೇ ಮುಕ್ಕಾಲು ಗಂಟೆ ಮಾತಾಡಿದೆವು. ಕೊನೆಗೆ ‘ಮಳೆ ಕೈಹಿಡಿದರೆ ಹರಿಯುತ್ತದೆ’ ಅಂತ ಆಯಿತು. ಮಾರನೇ ರಾತ್ರಿ ಹಸಿರು ಬಣ್ಣ ಮತ್ತೆ ತಡವರಿಸುತ್ತಾ ಬಂತು. ಹಾಳೆ ಬಿಟ್ಟಿದ್ದ.

ಉಳಿದ ಸಣ್ಣಪುಟ್ಟದ್ದು ಬೇಗ ಹೇಳಿಬಿಡುತ್ತೇನೆ. ನೀವು ಯಾರು ಅಂತ ಅದು ನೆನಪಿಡುವುದು ಬ್ರೌಸರಿನ ಮೂಲಕ. ಬೇರೆ ಬ್ರೌಸರ್ ತೆರೆದರೆ ನೀವು ಹೊಸಬರು, ಬಣ್ಣವೂ ಹೊಸದು. ಹೀಗಾಗಿ ನಮ್ಮ ಎರಡನೇ ಅಧ್ಯಾಯದಲ್ಲಿ ಅಣ್ಣ ಹಸಿರಿನಲ್ಲೂ ಇದ್ದಾನೆ, ಕಿತ್ತಳೆಯಲ್ಲೂ ಇದ್ದಾನೆ. ಎಲ್ಲರ ಬಣ್ಣವನ್ನೂ ಒಟ್ಟಿಗೆ ಅಳಿಸುವ ಒಂದು ಬಟನ್ ಇದೆ, ಕೇಳಿದ ಪ್ರಶ್ನೆ ಓದದೆ ಸರಿ ಅನ್ನಬೇಡಿ. ಫೋಟೋ, ಕೋಷ್ಟಕ ಜಾಸ್ತಿ ಬೇಕು ಅನ್ನುವವರಿಗೆ ಇದು ಹಾಗೇ ಸಾಲದು, ಬೇರೆ ಜೋಡಣೆ (ಪ್ಲಗಿನ್) ಹಾಕಿಕೊಳ್ಳಬೇಕು. ಲಿಂಕ್ ಸಿಕ್ಕವರು ಯಾರಾದರೂ ತಿದ್ದಬಹುದು. ಗುಟ್ಟಿನ ವಿಷಯ ಇಲ್ಲಿ ಬೇಡ. ಕರೆಂಟು, ನೆಟ್ ಹೋದರೆ ಬರೆಯುವುದೂ ನಿಂತಿತು. ಬೇಸಿಗೆಯಲ್ಲಿ ಆ ಕಷ್ಟ ಉಂಟು. ಫೋನಿನಲ್ಲಿ ನಾನು ಓದುತ್ತೇನೆ, ಬರೆಯುವುದಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಕಾಫಿ ಆದ ಮೇಲೆ ಇಡೀ ಪುಸ್ತಕದ ಒಂದು ಪ್ರತಿ ಇಳಿಸಿ ಪೆನ್‌ಡ್ರೈವಿಗೆ ಹಾಕುತ್ತೇನೆ. ಸರ್ವರ್ ನಮ್ಮದೇ ಆದರೂ ಆ ಅಭ್ಯಾಸ ಬಿಡುವುದಿಲ್ಲ. ಇನ್ನು ಅಚ್ಚಿಗೆ ಹೋಗುವಾಗ ಡಿಟಿಪಿಯವರಿಗೆ ಎಲ್ಲವನ್ನೂ ಯೂನಿಕೋಡಿನಿಂದ ವಾಪಸ್ ನುಡಿಗೆ ಮಾಡಿ ಕೊಡಬೇಕು. ಅರ್ಕಾವತ್ತು ಇನ್ನೊಂದು ಸಲ ನೋಡಬೇಕು.

ಇಬ್ಬರು, ಮೂವರು, ಐವರು ಸೇರಿ ಬರೀ ಬರಹ ಮಾಡುವವರಾದರೆ ಕಣ್ಣು ಮುಚ್ಚಿ ಇದನ್ನು ಹಿಡಿಯಿರಿ ಅನ್ನುತ್ತೇನೆ. ಪುಕ್ಕಟೆ ತಾಣದಲ್ಲಿ ಸುಮ್ನೆ ಒಂದು ವಾರ ಆಡಿ ನೋಡಿ, ಪುಸ್ತಕವನ್ನು ಮಾತ್ರ ಅಲ್ಲಿ ಇಡಬೇಡಿ. ಜೊತೆಗೆ ಬರೆಯುವವರಿಗೆ ಆ ಗಡಿಯಾರವನ್ನು ಮೊದಲ ದಿನವೇ ತೋರಿಸಿ.

ಈಗ ಮಾರಿಕಣಿವೆ ಅಧ್ಯಾಯ ನಡೆಯುತ್ತಿದೆ. 1907ರಲ್ಲಿ ಮುಗಿದ ಅಣೆಕಟ್ಟು, 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ 89 ವರ್ಷ ಕಾದು 2022ರಲ್ಲಿ ಮತ್ತೆ. ಆ ವರ್ಷ ಇಬ್ಬರೂ ಕೋಡಿ ನೋಡಲು ಹೋಗಿದ್ದೆವು. ನಿನ್ನೆ ರಾತ್ರಿ ಅಣ್ಣ ‘ಕೋಡಿ ಬಿದ್ದ ದಿನ’ ಅಂತ ಬರೆದು ನಿಲ್ಲಿಸಿದ. ಮೂಲೆಯ ಅಂಕಿ 2 ಅಂತಲೇ ಇತ್ತು. ಕಾಯುತ್ತಾ ಕೂತೆ. ಹತ್ತೂವರೆ ದಾಟಿತು. ಆಮೇಲೆ ‘ದಿನ’ ಅಳಿಸಿ ‘ಸದ್ದು’ ಅಂತ ಮಾಡಿದ.