ಎರಡು ವರ್ಷದ ಫುಟ್‌ಬಾಲ್ ಶಿಬಿರ ಮತ್ತು ನಮ್ಮ ಹಟ್ಟಿಯ ಗೋಡೆ

ಮಗಳನ್ನು ಫುಟ್‌ಬಾಲ್ ಶಿಬಿರಕ್ಕೆ ಸೇರಿಸಿ ಎರಡು ವರ್ಷವಾಯಿತು. ಸೇರಿಸುವ ಮೊದಲು ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು ಕಡೆಯವರು ಯಾರಾದರೂ ಇಂಥದ್ದರ ಬಗ್ಗೆ ಬರೆದಿದ್ದಾರೋ ಎಂದು ಹುಡುಕಿ ಸಾಕಾಗಿತ್ತು. ಆಗ ಒಬ್ಬರಾದರೂ ಹೇಳಿದ್ದರೆ ಮೊದಲ ವರ್ಷದ ಫೀಸು ಉಳಿಯುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯ ತೆಂಕಣ ತುದಿ ತ್ರಿಕ್ಕರಿಪುರದಲ್ಲಾದರೆ ಮಕ್ಕಳು ಫುಟ್‌ಬಾಲ್ ಹುಡುಕಿಕೊಂಡು ಹೋಗಬೇಕಾಗಿಲ್ಲ. 2016ರ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ತಂಡದ ಪರವಾಗಿ ತಲೆಯಲ್ಲಿ ಗೋಲು ಹೊಡೆದ ಮುಹಮ್ಮದ್ ರಾಫಿ ಅಲ್ಲಿಯವರೇ. ನಮ್ಮ ಅಡಿಕೆ ತೋಟದ ಕಡೆ ಗದ್ದೆ ಕೊಯ್ದ ಮೇಲೆ ಒಂದೆರಡು ತಿಂಗಳು ದೊಡ್ಡ ಹುಡುಗರು ಸೆವೆನ್ಸ್, ಅಂದರೆ ತಂಡಕ್ಕೆ ಏಳು ಜನರ ಫುಟ್‌ಬಾಲ್, ಆಡುತ್ತಾರೆ, ಅಷ್ಟೆ. ಒಂಬತ್ತು ವರ್ಷದ ಹುಡುಗಿಯನ್ನು ಅಲ್ಲಿಗೆ ಯಾರು ಕರೆಯುತ್ತಾರೆ? ಹಾಗಾಗಿ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಶಿಬಿರಕ್ಕೆ ಶನಿವಾರ, ಭಾನುವಾರ ಬೆಳಿಗ್ಗೆ ಕರೆದುಕೊಂಡು ಹೋಗತೊಡಗಿದೆ. ತಿಂಗಳಿಗೆ 800 ರೂಪಾಯಿ, ಜೆರ್ಸಿಯ ದುಡ್ಡು ಬೇರೆ. ಮೂರು ತಿಂಗಳದ್ದು ಒಟ್ಟಿಗೇ ಕಟ್ಟಬೇಕು, ಮೊದಲ ಕಂತು ಜೂನ್‌ನಲ್ಲಿ. ಶಾಲೆಯ ಪುಸ್ತಕ, ಕೊಡೆ, ತೋಟಕ್ಕೆ ಮದ್ದು ಬಿಡುವ ಕೂಲಿ, ಎಲ್ಲ ಬಂದು ಕುತ್ತಿಗೆಗೆ ಕೂರುವ ತಿಂಗಳು ಅದು.

ಮೈದಾನ, ಬಲೆ, ಕೋನ್ ಇವೆಲ್ಲ ಅವರ ಪೋಸ್ಟರ್‌ನಲ್ಲಿ ಇದ್ದ ಹಾಗೆಯೇ ಇದ್ದವು. ನನಗೆ ಹೇಳಲಿಕ್ಕಿರುವುದು ಅಲ್ಲಿನ ಸಾಲಿನ ಬಗ್ಗೆ.

ಮಕ್ಕಳು 26, ಚೆಂಡು 6. ಒಬ್ಬರು ಕೋನ್ ಸುತ್ತಿ ಬರುವವರೆಗೆ ಉಳಿದವರು ಸಾಲಿನಲ್ಲಿ ನಿಲ್ಲಬೇಕು. ಒಂದು ಶನಿವಾರ ಮರದ ಬುಡದಲ್ಲಿ ಕೂತು ಎಣಿಸಿದೆ. ಒಂದೂವರೆ ಗಂಟೆಯಲ್ಲಿ ಮಗಳ ಸರದಿ ಬಂದದ್ದು 14 ಸಲ. ಕೊನೆಯ ಇಪ್ಪತ್ತು ನಿಮಿಷದ ಆಟದಲ್ಲಿ ಚೆಂಡು ಅವಳ ಕಾಲಿಗೆ ಸಿಕ್ಕಿದ್ದು 3 ಸಲ. ಉಳಿದಷ್ಟು ಹೊತ್ತೂ ಮುಂದೆ ನಿಂತ ಹುಡುಗನ ಬೆನ್ನಿನ ನಂಬರ್ ನೋಡುತ್ತ ನಿಂತಿದ್ದಳು. ಮುಂಜಾನೆ ಐದೂವರೆಗೆ ಎದ್ದು, ಬಸ್ಸಿನಲ್ಲಿ ನನ್ನ ತೋಳಿಗೆ ಒರಗಿ ನಿದ್ದೆ ಮಾಡಿ ಬಂದ ಮಗು. ನನಗೆ ಹೊಟ್ಟೆ ಉರಿಯಿತು.

ಚೆಂಡೂ ಸರಿ ಇರಲಿಲ್ಲ. ಎಂಟರಿಂದ ಹನ್ನೆರಡು ವರ್ಷದವರಿಗೆ ನಾಲ್ಕನೇ ಸೈಜಿನದ್ದು ಕೊಡಬೇಕು, ಸುತ್ತಳತೆ 63.5ರಿಂದ 66 ಸೆಂಟಿಮೀಟರ್. ಅಲ್ಲಿದ್ದದ್ದು ದೊಡ್ಡವರ ಐದನೇ ಸೈಜು, 410ರಿಂದ 450 ಗ್ರಾಂ ತೂಗುವಂಥದ್ದು. ರಾತ್ರಿ ಪಾದದ ಮೇಲ್ಭಾಗ ನೋವು ಎಂದು ಅಳುತ್ತಿದ್ದಳು. ಹೋಗಿ ಕೇಳಿದ್ದಕ್ಕೆ, ದೊಡ್ಡ ಚೆಂಡಿನಲ್ಲಿ ಆಡಿದರೆ ಕಾಲು ಗಟ್ಟಿಯಾಗ್ತದೆ ಎಂಬ ಉತ್ತರ ಸಿಕ್ಕಿತು.

ಬಿಡಿಸಿಬಿಡುವುದೆಂದೇ ಇದ್ದೆ. ಎರಡನೇ ವರ್ಷ ಸಣ್ಣ ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಹುಡುಗಿ ಬಂದಳು, ಇಪ್ಪತ್ತರ ಆಸುಪಾಸಿನವಳು. ಅವಳಿಗೆ ಮಲಯಾಳ ಮಾತ್ರ ಬರುತ್ತದೆ, ಮಗಳು ಓದುವುದು ಕನ್ನಡ ಮಾಧ್ಯಮದಲ್ಲಿ. ಆದರೂ ಇಬ್ಬರಿಗೂ ಹೇಗೋ ಅರ್ಥವಾಗುತ್ತಿತ್ತು. ಮೊದಲ ದಿನವೇ ಅವಳು ಕೇಳಿದ್ದು, ಮನೆಯಲ್ಲಿ ಗೋಡೆ ಉಂಟಾ ಎಂದು. ಬಲಗಾಲಲ್ಲಿ ನೂರು, ಎಡಗಾಲಲ್ಲಿ ನೂರು, ದಿನಾ. ಒಂದು ತಿಂಗಳು ಚೆಂಡನ್ನು ನಿಲ್ಲಿಸಿ ಹೊಡೆಯುವುದು, ಆಮೇಲೆ ಬಂದದ್ದನ್ನು ಹಾಗೆಯೇ ಹಿಂದೆ ಕಳಿಸುವುದು. ಇಷ್ಟೇ ಅವಳು ಹೇಳಿಕೊಟ್ಟದ್ದು.

ನಾಲ್ಕನೇ ಸೈಜಿನ, ಹೊಲಿಗೆಯಿಲ್ಲದ ರಬ್ಬರಿನ ಚೆಂಡು ತಂದೆ. ಹೊಲಿಗೆಯದ್ದು ನಮ್ಮ ಮುರಕಲ್ಲಿನ ಒರಟು ಗೋಡೆಗೆ ಬಾಳುವುದಿಲ್ಲ. ಹಟ್ಟಿಯ, ಅಂದರೆ ದನದ ಕೊಟ್ಟಿಗೆಯ, ಗೋಡೆಗೆ ಸಾರಣೆ ಆಗಿಲ್ಲ, ಕಲ್ಲಿನ ಹೊಂಡಗಳಿಗೆ ತಾಗಿದ ಚೆಂಡು ಎಡಕ್ಕೆ ಬರುತ್ತದೋ ಬಲಕ್ಕೋ ತಿಳಿಯುವುದಿಲ್ಲ. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಕ್ರಮೇಣ ಹಿಮ್ಮಡಿ ನೆಲಕ್ಕೆ ಊರದೆ, ತುದಿಗಾಲಲ್ಲೇ ಕಾಯುವುದನ್ನು ಕಲಿತಳು. ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ.

ಸಂಜೆ ಶಾಲೆಯಿಂದ ಬಂದು, ಚಾ ಕುಡಿದು, ಹೆಬ್ಬೆರಳಿನಿಂದ ಚೆಂಡು ಒತ್ತಿ ನೋಡುತ್ತಾಳೆ. ಮೆತ್ತಗಿದ್ದರೆ ಪಂಪಿನ ಸೂಜಿಯನ್ನು ನೀರಲ್ಲಿ ಅದ್ದಿ ಚುಚ್ಚುತ್ತಾಳೆ, ಒಣ ಸೂಜಿ ಹಾಕಿದರೆ ವಾಲ್ವ್ ಹಾಳಾಗುತ್ತದೆ. ಜನವರಿಯಲ್ಲಿ ಅಂಗಳದ ತುಂಬ ಅಡಿಕೆ. ಚಾಲಿ, ಅಂದರೆ ಸಿಪ್ಪೆಯೊಂದಿಗೇ ಒಣಗಿಸುವ ಹಣ್ಣಡಿಕೆ, ಒಣಗಲು ನಲವತ್ತು ದಿನಕ್ಕಿಂತ ಹೆಚ್ಚು ಬಿಸಿಲು ಬೇಕು, ಅದನ್ನು ಸರಿಸುವಂತಿಲ್ಲ. ಗೋಡೆಗೂ ಅಡಿಕೆಗೂ ನಡುವೆ ಉಳಿಯುವುದು ನಾಲ್ಕು ಹೆಜ್ಜೆ ಜಾಗ. ಚೆಂಡು ಕಾಲಲ್ಲಿ ನಿಲ್ಲದಿದ್ದರೆ ನೇರ ಅಡಿಕೆಯೊಳಗೆ ಹೋಗುತ್ತದೆ, ಚೆದರಿದ್ದನ್ನೆಲ್ಲ ಅವಳೇ ಹೆಕ್ಕಿ ಹಾಕಬೇಕು. ಆ ಎರಡು ತಿಂಗಳಲ್ಲಿ ಚೆಂಡು ಅವಳ ಪಾದಕ್ಕೆ ಅಂಟಿಕೊಂಡ ಹಾಗೆ ನಿಲ್ಲತೊಡಗಿತು. ಮಳೆಗಾಲದಲ್ಲಿ ಪಾಚಿ ಹಿಡಿಯದಿರಲಿ ಎಂದು ಅಂಗಳಕ್ಕೆ ಸೋಗೆ ಹಾಸುತ್ತೇವೆ, ಅದರ ಮೇಲೆ ಚೆಂಡು ಓಡುವುದಿಲ್ಲ. ಆಗ ಜಗಲಿಯಲ್ಲಿ ನಿಂತು ಕಾಲಿನ ಮೇಲೆ ಕುಣಿಸುತ್ತಾಳೆ.

ಲೆಕ್ಕ ಇಡುವವರು ನನ್ನ ಅಮ್ಮ. ಅಡಿಕೆ ಸುಲಿಯುತ್ತ ಜಗಲಿಯಲ್ಲಿ ಕೂತಿರುತ್ತಾರೆ. ಮಗಳು ಬೇಗ ಮುಗಿಸಿ ಬಂದರೆ, "ಇನ್ನೂ ಹನ್ನೆರಡು ಉಂಟು ಮಗಾ, ಎಡಗಾಲಿಂದು" ಎನ್ನುತ್ತಾರೆ.

ಶಿಬಿರ ಬಿಡಿಸಲಿಲ್ಲ. ಒಟ್ಟಿಗೆ ಆಡಲು ಮಕ್ಕಳು ಬೇಕಲ್ಲ, ಈಗ ಅಲ್ಲಿ ನಾಲ್ಕು ಹೆಣ್ಣುಮಕ್ಕಳಿದ್ದಾರೆ. ಭಾನುವಾರ ನಿಲ್ಲಿಸಿದೆವು, ಶನಿವಾರ ಮಾತ್ರ ಹೋಗುತ್ತೇವೆ. ಫೀಸಿನಲ್ಲಿ ಒಂದು ರೂಪಾಯಿ ಕಡಿಮೆಯಾಗಲಿಲ್ಲ, ಅದು ನನಗೆ ಇವತ್ತಿಗೂ ಬೇಸರ. ಸೇರಿಸುವವರು ಹಣ ಕಟ್ಟುವ ಮೊದಲು ಒಂದು ದಿನ ಹೋಗಿ ಕೂತು ಮಕ್ಕಳೆಷ್ಟು, ಚೆಂಡೆಷ್ಟು ಎಂದು ಎಣಿಸಿ. ಕಲಿಸುವವರಿಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಕೊಡುವ ತರಬೇತುದಾರರ ಡಿ ಲೈಸೆನ್ಸ್ ಆದರೂ ಉಂಟಾ ಎಂದು ಕೇಳಲು ಸಂಕೋಚ ಬೇಡ. ಶಾಲೆಯಿಂದ ಉಪಜಿಲ್ಲಾ ಮಟ್ಟದ ಆಟಕ್ಕೆ ಕಳಿಸುತ್ತಾರೋ ಎಂದು ಹೆಡ್‌ಮಾಸ್ಟರರ ಹತ್ತಿರವೂ ವಿಚಾರಿಸಿ, ಅದಕ್ಕೆ ದುಡ್ಡಿಲ್ಲ.

ಈ ಬೇಸಿಗೆಯಲ್ಲಿ ಹಟ್ಟಿಗೆ ಸಾರಣೆ ಮಾಡಿಸಲು ಮೇಸ್ತ್ರಿಯನ್ನು ಕರೆಸಿದ್ದೆ. ಅಂಗಳದ ಬದಿಯದ್ದು ಒಂದು ಬಿಟ್ಟು ಉಳಿದದ್ದು ಮಾಡಿ ಮಾವ ಎಂದು ಮಗಳು ಅವರ ಹಿಂದೆಯೇ ತಿರುಗಿ ಹೇಳಿದಳು. ಆ ಬದಿ ಹಾಗೆಯೇ ಉಂಟು.